ಪದ ಬೇಕು: ‘ಕಿವುಡರು’ ಅನ್ನಬಹುದಾ? ಮಾನ್ಯತೆಯೋ, ಮನ್ನಣೆಯೋ?

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಇಲ್ಲೊಂದು ಸಣ್ಣ ಕಾರ್ಯಕ್ರಮ ಇದೆ, ಫ್ಲೆಕ್ಸ್ ನಾಳೆ ಬೆಳಿಗ್ಗೆಯೇ ಪ್ರಿಂಟಿಗೆ ಹೋಗಬೇಕು. ‘ಕಿವುಡರ ಇತಿಹಾಸ, ಸಂಸ್ಕೃತಿಗೆ ಅಧಿಕೃತ ಮಾನ್ಯತೆ ಬೇಕು’ ಅಂತ ಬರೆದಿದ್ದೆ. ‘ಕಿವುಡ ಅನ್ನೋದು ಬೈಗುಳ, ಶ್ರವಣದೋಷವುಳ್ಳವರು ಅಂತ ಹಾಕಿ’ ಅಂದರು ಒಬ್ಬರು. ಇಂಗ್ಲಿಷಿನ ‘Deaf’ ಪದದಲ್ಲಿ ಡಿ ಅಕ್ಷರ ದೊಡ್ಡದಾದರೆ ಸಮುದಾಯ, ಚಿಕ್ಕದಾದರೆ ಬರೀ ಕಿವಿಯ ವಿಷಯ. ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲವಲ್ಲ?

ಸಾಗರದಿಂದ:
ಇತಿಹಾಸ, ಸಂಸ್ಕೃತಿ, ಅಧಿಕೃತ, ಮಾನ್ಯತೆ. ನಾಲ್ಕೂ ಸಂಸ್ಕೃತದ ಎರವಲು. ಆ ಸಾಲಿನಲ್ಲಿ ಕನ್ನಡ ಅಂತ ಇರುವುದೇ ‘ಕಿವುಡರ’, ‘ಬೇಕು’. ಅದರಲ್ಲೂ ಒಂದನ್ನು ತೆಗೆಯಬೇಕಂತೆ! ಇತಿಹಾಸಕ್ಕೆ ಹಳಮೆ, ಸಂಸ್ಕೃತಿಗೆ ನಡವಳಿ, ಮಾನ್ಯತೆಗೆ ಮನ್ನಣೆ ಅನ್ನಿ. ಸನ್ನೆಯನ್ನಂತೂ ಸಂಜ್ಞೆ ಮಾಡಬೇಡಿ.

ತೀರ್ಥಹಳ್ಳಿಯಿಂದ:
ಹಳಮೆ ಅಂತ ಫ್ಲೆಕ್ಸಿಗೆ ಹಾಕಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಏನೂ ತಿಳಿಯುವುದಿಲ್ಲ ಸ್ವಾಮಿ. ಸನ್ನೆಯೂ ಸಂಜ್ಞೆಯ ತದ್ಭವವೇ. ಅದನ್ನು ಯಾವ ಕೊಪ್ಪರಿಗೆಯಲ್ಲಿ ತೊಳೆದು ಶುದ್ಧ ಮಾಡಿದಿರಿ?

ಕೆಲಸದ ಮಾತಿಗೆ ಬರೋಣ. ಚುಚ್ಚುವುದು ಏಕವಚನ. ನಮ್ಮ ಕಡೆ ‘ಏ ಕೆಪ್ಪ’ ಅನ್ನುತ್ತಾರಲ್ಲ, ಹಾಗೆ. ‘ಕಿವುಡರು’ ಅಂದ ಕೂಡಲೇ ಒಂದು ಜನ ಕಣ್ಮುಂದೆ ಬರುತ್ತಾರೆ. ಆ ‘ರು’ ಸಾಕು, ದೊಡ್ಡಕ್ಷರ ಯಾಕೆ? ಶ್ರವಣದೋಷ ಅಂದರೆ ದೋಷವೇ ಎದ್ದು ಕಾಣುತ್ತದೆ. ದೋಷಕ್ಕೆ ಮದ್ದು ಹುಡುಕುತ್ತಾರೆ, ಚರಿತ್ರೆ ಯಾರು ಬರೆಯುತ್ತಾರೆ? ‘ಕಿವುಡ-ಮೂಗರು’ ಮಾತ್ರ ಬೇಡವೇ ಬೇಡ. ಕೈಯಲ್ಲಿ, ಹುಬ್ಬಿನಲ್ಲಿ ಇಷ್ಟು ಮಾತಾಡುವವರು ಮೂಗರು ಹೇಗಾದಾರು? ಆ ಮಾತಿಗೂ ವ್ಯಾಕರಣವಿದೆ: ಭಾರತೀಯ ಸನ್ನೆ ಭಾಷೆಯಲ್ಲಿ ‘ಏನು’, ‘ಎಲ್ಲಿ’ ವಾಕ್ಯದ ಕೊನೆಗೇ ಬರುತ್ತವೆ, ‘ನಿಮ್ಮ ಹೆಸರು ಏನು’ ಅಂದ ಹಾಗೆ.

ಇನ್ನು ಮನ್ನಣೆ. 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮಾವೇಶ, ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು ಅಂತ ನಿರ್ಣಯ ಮಾಡಿತು. ಎಷ್ಟೋ ಶಾಲೆಗಳಿಂದ ಸನ್ನೆ ಹೊರಬಿತ್ತು. ಅದೇ ಸಮಾವೇಶ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ‘ಮನ್ನಿಸು’ ಅಂದರೆ ಕ್ಷಮಿಸು ಅಂತಲೂ ಆಗುತ್ತದೆ. ಮನ್ನಿಸಬೇಕಾದವರು ಕಿವುಡರು, ಸರ್ಕಾರ ಯಾಕೆ ಮನ್ನಿಸಬೇಕು? ಮಾನ್ಯತೆಯೇ ಇರಲಿ.

ಸಾಗರದಿಂದ:
ಮಾನ್ಯತೆ ಇಲಾಖೆಯವರು ಶಾಲೆಗೆ ಕೊಡೋದು. ಫೈಲಿನ ವಾಸನೆ. ನಿಮ್ಮಿಷ್ಟ.

ಶಿವಮೊಗ್ಗದಿಂದ:
ನಮಗೆ ಬೇಕಾಗಿರುವುದೂ ಫೈಲಿನದ್ದೇ ಸರ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸನ್ನೆ ಭಾಷೆಯ ಹೆಸರಿದೆ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಅದಿಲ್ಲ. ‘ಕಿವುಡರ ಚರಿತ್ರೆಗೆ, ಭಾಷೆಗೆ ಸರ್ಕಾರದ ಮಾನ್ಯತೆ ಬೇಕು’ ಅಂತ ಪ್ರೆಸ್ಸಿಗೆ ಕಳಿಸಿಬಿಟ್ಟೆ. ಇಬ್ಬರಿಗೂ ಥ್ಯಾಂಕ್ಸ್.

ಸಾಗರದಿಂದ:
‘ಸರ್ಕಾರ’ ಪಾರಸಿ.