ಚೀನಾದ ಗೆಳತಿಗೆ ಮಗು ಹೋಯಿತು, ಎಂತ ಬರೆಯುವುದು?

ಬದಿಯಡ್ಕದವಳು:
ದುಬೈಯಲ್ಲಿ ನಮ್ಮ ಎದುರು ಫ್ಲಾಟಿನಲ್ಲಿ ಚೀನಾದ ಗಂಡ ಹೆಂಡತಿ ಇದ್ದಾರೆ, ಗುವಾಂಗ್‌ಝೌ ಕಡೆಯವರು. ನನ್ನ ನೀರುದೋಸೆಗೆ ಅವಳು ಸೋಯಾ ಸಾಸ್ ಸುರಿದು ತಿನ್ನುತ್ತಾಳೆ. ಅವರ ಊರಲ್ಲಿ ಅಕ್ಕಿಹಿಟ್ಟಿನ ತೆಳು ಸುರುಳಿಯನ್ನು ಹಾಗೇ ತಿನ್ನುವುದಂತೆ. ಅಷ್ಟು ಸಲಿಗೆ ನಮಗೆ.

ತಮ್ಮನ ಮದುವೆಗೆಂದು ಊರಿಗೆ ಬಂದಿದ್ದೇನೆ. ಮೊನ್ನೆ ರಾತ್ರಿ ವೀಚಾಟ್‌ನಲ್ಲಿ ಒಂದೇ ಸಾಲು: ‘ಮಗು ಇಲ್ಲವಾಯಿತು.’ ಬಸುರಿಗೆ ಐದು ತಿಂಗಳು ತುಂಬಿತ್ತು. ಮೂರು ತಿಂಗಳಾಗುವವರೆಗೆ ನನಗೂ ಹೇಳಿರಲಿಲ್ಲ, ಅವರಲ್ಲಿಯೂ ಹಾಗೆಯೇ ಅಂತೆ.

ಅಂದಿನಿಂದ ಬರೆಯುವುದು, ಅಳಿಸುವುದು. ಇವರು ‘ಬಿಳಿ ಸೇವಂತಿಗೆ ಬೊಕೆ ಕಳಿಸಿದರಾಯ್ತು’ ಅಂತಾರೆ. ಅಮ್ಮ ‘ಪ್ರಾಯ ಉಂಟಲ್ಲ, ಇನ್ನೊಂದು ಆಗ್ತದೆ ಅಂತ ಹೇಳು’ ಅಂತ. ಏಳು ವರ್ಷದ ಹಿಂದೆ ಇದೇ ಮಾತನ್ನು ನನಗೆ ಹೇಳಿದವರ ಒಬ್ಬೊಬ್ಬರ ಮುಖವೂ ನೆನಪುಂಟು. ಮುಂದಿನ ವಾರ ವಾಪಸ್ ಹೋಗ್ತೇನೆ. ಎಂತ ಬರೆಯಲಿ, ಎಂತ ಕೊಂಡುಹೋಗಲಿ?

ಹೊಸಂಗಡಿ ಡಾಕ್ಟರು:
ನಾನು ಎಂಬಿಬಿಎಸ್ ಓದಿದ್ದು ಚೀನಾದಲ್ಲಿ. ಮೊದಲು ಆ ಸೇವಂತಿಗೆ ನಿಲ್ಲಿಸಿ ಮಾರಾಯ್ರೇ! ಬಿಳಿ, ಹಳದಿ ಸೇವಂತಿಗೆ ಅಲ್ಲಿ ಸಮಾಧಿಗೆ ಇಡುವ ಹೂ. ಬಿಳಿ ಕವರಿನಲ್ಲಿ ಹಣವೂ ಸಾವಿನ ಮನೆಗೆ ಕೊಡುವಂಥದ್ದು. ಪಿಯರ್ ಹಣ್ಣು ಬೇಡ, ಅದರ ಹೆಸರು ‘ಲೀ’. ಅಗಲಿಕೆಗೂ ಅದೇ ಉಚ್ಚಾರ. ನಾಲ್ಕರ ಲೆಕ್ಕವೂ ಬೇಡ, ಅದು ಕಿವಿಗೆ ಸಾವು ಅಂದ ಹಾಗೆ ಕೇಳ್ತದೆ.

ಮೊಬೈಲಿನಲ್ಲಿ ಹುಡುಕಿದರೆ ‘ಜಿಯೆ ಐ ಶುನ್ ಬಿಯೆನ್’ ಅಂತ ಸಿಗಬಹುದು. ಕಳಿಸಬೇಡಿ. ಸಾವಿನ ಮನೆಯಲ್ಲಿ ಹೇಳುವ ಗಂಭೀರ ಮಾತು ಅದು, ಇಲ್ಲಿ ಭಾರವಾಗ್ತದೆ. ‘ಚೆನ್ನಾಗಿ ಮಲಗು, ಮೈ ನೋಡಿಕೋ, ಬಂದು ಅಡುಗೆ ನಾನು ಮಾಡ್ತೇನೆ’ ಅಂತ ಬರೆಯಿರಿ. ಅವರಲ್ಲಿ ಪ್ರೀತಿ ಹೆಚ್ಚಾಗಿ ಊಟದ ಮಾತಿನಲ್ಲೇ ಬರುವುದು.

ಇನ್ನೊಂದು. ಹೆತ್ತ ಮೇಲೆ ಅವರೂ ಒಂದು ತಿಂಗಳು ಬಾಣಂತನ ಮಾಡ್ತಾರೆ. ಗರ್ಭ ಹೋದರೂ ಉಂಟು, ಅದಕ್ಕೆ ‘ಸಣ್ಣ ತಿಂಗಳು’ ಅಂತಲೇ ಹೆಸರು. ತಣ್ಣೀರು ಮುಟ್ಟುವ ಹಾಗಿಲ್ಲ, ಗಾಳಿಗೆ ಕೂರುವ ಹಾಗಿಲ್ಲ. ಶುಂಠಿ, ಕೆಂಪು ಖರ್ಜೂರದಂಥ ಹಣ್ಣು, ಕೆಂಪು ಸಕ್ಕರೆ ನೀರು, ಕೋಳಿ ಸೂಪು ಕೊಡ್ತಾರೆ. 2012ರ ಅಲ್ಲಿನ ನಿಯಮದಲ್ಲಿ ನಾಲ್ಕು ತಿಂಗಳೊಳಗೆ ಹೋದರೆ 15 ದಿನ ರಜೆ, ಮೇಲಾದರೆ 42 ದಿನ. ನಮ್ಮ ದೇಶದ ಕಾನೂನಿನಲ್ಲೂ ಗರ್ಭಪಾತಕ್ಕೆ ಆರು ವಾರ ರಜೆ ಉಂಟು. ಕೇಳುವವರು ಕಡಿಮೆ.

ಕುಂಬಳೆ ಕಡಲು:
ದುಬೈಯಲ್ಲಿ ಇರುವ ಹುಡುಗಿ ಪಿಯರ್ ನೋಡಿ ಅಳ್ತಾಳಾ ಸ್ವಾಮಿ? ಎಲ್ಲ ಚೀನಾದವರೂ ಒಂದೇ ತರ ಅಲ್ಲ.

ಹೊಸಂಗಡಿ ಡಾಕ್ಟರು:
ಅವಳು ಅಳಲಿಕ್ಕಿಲ್ಲ. ಅವಳ ಅಮ್ಮನೋ ಅತ್ತೆಯೋ ಬಂದಿದ್ದರೆ? ಸೇಬು ಕೊಟ್ಟರೆ ಯಾರಿಗೂ ನಷ್ಟ ಇಲ್ಲವಲ್ಲ.

ಪೆರ್ಲದ ಸಿಸ್ಟರ್:
ನಾನು ನರ್ಸ್. ನಮ್ಮಲ್ಲಿ ತಾನಾಗಿ ಹೋದದ್ದಕ್ಕೂ ‘ಅಬಾರ್ಷನ್ ಆಯ್ತು’ ಅಂತ ಹೇಳುವ ರೂಢಿ. ಅವಳ ಹತ್ತಿರ ಇಂಗ್ಲಿಷ್ ಮಾತಾಡುವಾಗ ಆ ಶಬ್ದ ಬಾಯಿತಪ್ಪಿ ಬಂದರೆ ಬೇಕೆಂದು ತೆಗೆಸಿದ್ದು ಅಂತ ಆಗ್ತದೆ. ‘ಮಿಸ್‌ಕ್ಯಾರೇಜ್’ ಅನ್ನಿ. ಕಷಾಯ, ಲೇಹ್ಯ ಅವಳ ಡಾಕ್ಟರಿಗೆ ಕೇಳದೆ ಕೊಡಬೇಡಿ. ಮತ್ತೆ ಅವಳ ಗಂಡನನ್ನೂ ಒಮ್ಮೆ ಮಾತಾಡಿಸಿ. ವಾರ್ಡಿನಲ್ಲಿ ನೋಡ್ತೇನೆ, ಗಂಡಸರು ಬಿಲ್ ಹಿಡಿದು ಮೂಲೆಯಲ್ಲಿ ನಿಂತಿರ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ.

ಬದಿಯಡ್ಕದವಳು:
ಎಲ್ಲರಿಗೂ ಉಪಕಾರ. ಡಾಕ್ಟರು ಹೇಳಿದ ಹಾಗೇ ಬರೆದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: ‘ನೀರುದೋಸೆ ಬೇಕು.’

‘ಸಣ್ಣ ತಿಂಗಳಿನ’ ಸಂಗತಿ ಅಮ್ಮನಿಗೆ ಓದಿ ಹೇಳಿದೆ. ಎಂತ ಮಾತಾಡಲಿಲ್ಲ. ಸಂಜೆ ನೋಡ್ತೇನೆ, ಓಲೆಬೆಲ್ಲದ ನಾಲ್ಕು ಅಚ್ಚನ್ನು ಪೇಪರಿನಲ್ಲಿ ಸುತ್ತಿ ನನ್ನ ಸೂಟ್‌ಕೇಸಿನ ಮೇಲೆ ಇಟ್ಟಿದ್ದಾರೆ, ಅವಳಿಗೆ ಶುಂಠಿ ನೀರಿಗೆ ಹಾಕಲಿಕ್ಕೆ. ‘ನಾಲ್ಕು ಬೇಡ ಅಮ್ಮ’ ಅಂದೆ. ಒಳಗೆ ಹೋಗಿ ಇನ್ನೆರಡು ತಂದರು. ‘ನಿನಗೆ ಆವಾಗ ನಾನು ಒಂದು ವಾರವೂ ಮಾಡಲಿಲ್ಲ’ ಅಂತ ಪೇಪರಿಗೆ ನೂಲು ಸುತ್ತುತ್ತಾ ಹೇಳಿದರು.