ಅಜ್ಜಿ ಕೈಗೆ ಕೊಟ್ಟ ಸ್ಟ್ರಿಪ್

ಚಿಕ್ಕಪ್ಪ (ಬೇಲೂರು): (ಫಾರ್ವರ್ಡ್) ಎದೆನೋವು ಬಂದ ತಕ್ಷಣ ಸಾರ್ಬಿಟ್ರೇಟ್ ನಾಲಿಗೆ ಕೆಳಗೆ ಇಟ್ಟುಕೊಳ್ಳಿ. ಎಲ್ಲರ ಜೇಬಿನಲ್ಲೂ ಇರಲಿ.
ಮನೆಯವರಿಗೆಲ್ಲ ಒಂದೊಂದು ಸ್ಟ್ರಿಪ್ ತಂದಿದ್ದೇನೆ. ಅಮ್ಮನಿಗೂ ಕೊಟ್ಟೆ.

ನಾನು: ಚಿಕ್ಕಪ್ಪ, ಅಜ್ಜಿಗೆ ಕೊಟ್ಟಿದ್ದನ್ನು ಇವತ್ತೇ ವಾಪಸ್ ತಗೊಳ್ಳಿ. ಅದು ರಕ್ತನಾಳ ಹಿಗ್ಗಿಸುವ ಮಾತ್ರೆ, ಬಿಪಿ ಇಳಿಯುತ್ತದೆ. ಅವರು ಮೊದಲೇ ಎರಡು ಬಿಪಿ ಮಾತ್ರೆ ನುಂಗುತ್ತಾರೆ. ಎದೆ ಉರಿಗೆಲ್ಲ ಇದನ್ನು ಇಟ್ಟುಕೊಂಡು, ರಾತ್ರಿ ಬಚ್ಚಲಿಗೆ ಅಂತ ಎದ್ದು, ತಲೆಸುತ್ತಿ ಬಿದ್ದು ಸೊಂಟದ ಮೂಳೆ ಮುರಿದರೆ ಏನು ಗತಿ?

ಚಿಕ್ಕಪ್ಪ: 2025ರ ಜೂನ್, ಜುಲೈನಲ್ಲಿ ನಮ್ಮ ಹಾಸನದಲ್ಲಿ ಸಾಲು ಸಾಲು ಹೃದಯಾಘಾತದ ಸುದ್ದಿ ಬಂತಲ್ಲ, ಮರೆತೆಯಾ? ಜನ ಹೆದರಿ ಮೈಸೂರಿನ ಜಯದೇವದಲ್ಲಿ ಕ್ಯೂ ನಿಂತಿದ್ದರು. ಆಸ್ಪತ್ರೆ ಮುಟ್ಟುವ ತನಕ ಸುಮ್ನೆ ಕೂರಬೇಕಾ?

ನಾನು: ಸುಮ್ನೆ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಡಾಕ್ಟರ್ ಯಾರಿಗೆ ಈ ಮಾತ್ರೆ ಬರೆದುಕೊಟ್ಟಿದ್ದಾರೋ ಅವರು ನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳಲೇಬೇಕು, ಅದೂ ಕೂತುಕೊಂಡು. ಇನ್ನೊಂದು, ಹೇಳಲು ಸಂಕೋಚ, ಆದರೂ ಹೇಳುತ್ತೇನೆ: ವಯಾಗ್ರದಂಥ ಮಾತ್ರೆ ತಗೊಳ್ಳುವವರು ಇದನ್ನು ಮುಟ್ಟಲೇಬಾರದು. ಬಿಪಿ ಕುಸಿದು ಜೀವಕ್ಕೇ ಅಪಾಯ. ಫಾರ್ವರ್ಡ್‌ನಲ್ಲಿ ಇದು ಎಲ್ಲಿದೆ?

ಅತ್ತೆ (ಅರಸೀಕೆರೆ): ಆಸ್ಪತ್ರೆಯವರು ಹೇಳೋದು ಮಾತ್ರ ಸರಿಯಾಗಿದೆಯಾ? ಡಿಸ್ಚಾರ್ಜ್ ದಿನ ನರ್ಸ್ ಗಡಗಡ ಹೇಳಿ ಹೋದಳು. ನಿಮ್ಮ ಮಾವನಿಗೆ ಕಿವಿ ಮಂದ, ಹೂಂ ಹೂಂ ಅಂದರು. ಮನೇಲಿ ಹಳೇ ಸ್ಟ್ರಿಪ್, ಹೊಸ ಸ್ಟ್ರಿಪ್ ಎರಡನ್ನೂ ನಾಲ್ಕು ದಿನ ನುಂಗಿದರು. ಮಾತ್ರೆ ಒಂದೇ, ಕಂಪನಿ ಬೇರೆ! ನಾಡಿ 45ಕ್ಕೆ ಇಳಿದಿತ್ತು.

ನಾನು: ಅತ್ತೆ, ಅದು ಮಾವನ ತಪ್ಪಲ್ಲ, ನನ್ನಂಥ ನರ್ಸ್‌ಗಳದ್ದೇ. ‘ಅರ್ಥ ಆಯ್ತಾ’ ಅಂದರೆ ವಯಸ್ಸಾದವರು ಆಯ್ತು ಅಂತಲೇ ಹೇಳುತ್ತಾರೆ. ಅದಕ್ಕೇ ನಾನೀಗ ಎದುರು ಕೂತು, ಸ್ಟ್ರಿಪ್ ಅವರ ಕೈಗೇ ಕೊಟ್ಟು, ‘ಅಜ್ಜ, ಇದನ್ನ ಯಾವಾಗ ತಗೋತೀರಿ, ಮನೇಲಿ ಅಜ್ಜಿಗೆ ಹೇಳೋ ಹಾಗೆ ನಂಗೆ ಹೇಳಿ’ ಅಂತೀನಿ. ಮೊನ್ನೆ ಒಬ್ಬರು ‘ನೋವು ಬಂದ್ರೆ ಮಾತ್ರ’ ಅಂದರು. ಸ್ಟೆಂಟ್ ಹಾಕಿ ವಾರ ಆಗಿತ್ತು. ಅವರ ಕೈಯಲ್ಲಿದ್ದದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಒಂದು ದಿನವೂ ತಪ್ಪಿಸುವಂತಿಲ್ಲ. ಕೇಳದೆ ಕಳಿಸಿದ್ದರೆ?

ಚಿಕ್ಕಪ್ಪ: ಅಮ್ಮನಿಗೆ ಫೋನ್ ಮಾಡಿ ನೀನು ಹೇಳಿದ ಹಾಗೇ ಕೇಳಿದೆ. ‘ಉಂಡ ಮೇಲೆ ಹೊಟ್ಟೆ ಉಬ್ಬಿದ್ರೆ ಒಂದು ಅಂದಿದ್ಯಲ್ಲ’ ಅಂದಳು. ನಾನು ಹಾಗೆ ಹೇಳೇ ಇಲ್ಲ. ಇನ್ನೂ ಬಿಚ್ಚಿಲ್ಲವಂತೆ. ಈಗಲೇ ಹೊರಟೆ.

ನಾನು: ಅವರ ಡಬ್ಬಿಯಲ್ಲಿರುವ ಎಲ್ಲ ಸ್ಟ್ರಿಪ್ ಹರಡಿ ಫೋಟೊ ಕಳಿಸಿ ಚಿಕ್ಕಪ್ಪ. ಮಂಡಿನೋವಿನ ಮಾತ್ರೆಯನ್ನೂ ಬಿಡಬೇಡಿ.