ಆರೋಗ್ಯ ವಿಮೆಗೆ ದಾವಣಗೆರೆ ವಿಳಾಸ ಕೊಟ್ಟರೆ ಪ್ರೀಮಿಯಂ ಕಡಿಮೆ, ಕೊಡಬಹುದಾ?

ಮಂಡಿಪೇಟೆ ಹುಡುಗ:
ಅಪ್ಪ-ಅಮ್ಮ ದಾವಣಗೆರೆ ವಿದ್ಯಾನಗರದಲ್ಲಿ, ನಾನು-ಹೆಂಡತಿ ಬೆಂಗಳೂರಲ್ಲಿ. ನಾಲ್ವರಿಗೂ ಸೇರಿ 5 ಲಕ್ಷದ ಫ್ಲೋಟರ್ (ಮನೆಯವರೆಲ್ಲ ಹಂಚಿಕೊಳ್ಳೋ ಒಂದೇ ವಿಮಾ ಮೊತ್ತದ ಪಾಲಿಸಿ) ಬೇಕು. ಊರಿನ ವಿಳಾಸ ಹಾಕಿದ್ರೆ ವರ್ಷಕ್ಕೆ 5,000 ಉಳಿಯುತ್ತೆ ಅಂತಾರೆ ಏಜೆಂಟ್. ಹಾಕ್ಲಾ?

ಲೆಕ್ಕ ಪಕ್ಕಾ:
ಮೊದಲು ಪಾಲಿಸಿ ಷರತ್ತುಗಳಲ್ಲಿ ‘ಝೋನ್’ ಅನ್ನೋ ಪದ ಹುಡುಕಿ. ಊರಿನ ಮೇಲೆ ದರ ಕಟ್ಟುವ ಪಾಲಿಸಿಗಳಲ್ಲಿ, ಅಗ್ಗದ ಝೋನ್‌ನವರು ದುಬಾರಿ ಝೋನ್‌ನಲ್ಲಿ ಚಿಕಿತ್ಸೆ ಪಡೆದರೆ ಕೋ-ಪೇ, ಅಂದ್ರೆ ಬಿಲ್ಲಿನ ಒಂದು ಪಾಲು ನಾವೇ ಕಟ್ಟೋ ಷರತ್ತು, ಇರೋದುಂಟು. 20% ಅಂತಿದ್ದು ಬೆಂಗಳೂರಲ್ಲಿ 4 ಲಕ್ಷದ ಬಿಲ್ ಆಯ್ತು ಅನ್ನಿ, 80,000 ನಿಮ್ಮ ಕೈಯಿಂದ. ಅಂದ್ರೆ 16 ವರ್ಷದ ಉಳಿತಾಯ ಒಂದೇ ಅಡ್ಮಿಷನ್‌ಗೆ ಹೋಯ್ತು. ಬೆಂಗಳೂರಲ್ಲಿದ್ದು ಊರಿನ ಪಿನ್‌ಕೋಡ್ ಕೊಡೋರು ಹೆಚ್ಚಾದಷ್ಟೂ ದಾವಣಗೆರೆ ಇರೋ ನಮ್ಮ ಝೋನ್‌ನ ಕ್ಲೇಮ್ ಖರ್ಚು ಏರುತ್ತೆ. ಮುಂದೆ ಇಲ್ಲೇ ಇರೋರ ಪ್ರೀಮಿಯಂ ಏರಿಸೋಕೆ ಅದೇ ನೆಪ. ಸುಳ್ಳು ವಿಳಾಸ ಕ್ಲೇಮ್ ಹೊತ್ತಿಗೆ ತಕರಾರಿಗೂ ದಾರಿ.

ಹಳೇಪೇಟೆ:
ಅದಕ್ಕಿಂತ ಮುಖ್ಯ, ನಾಲ್ವರನ್ನೂ ಒಂದೇ ಫ್ಲೋಟರ್‌ಗೆ ಯಾಕೆ ಹಾಕ್ತೀರಿ? ಸಾಮಾನ್ಯವಾಗಿ ಅದರ ದರ ಹಿರಿಯ ಸದಸ್ಯರ ವಯಸ್ಸಿನ ಮೇಲೆ ನಿಲ್ಲುತ್ತೆ. ಅಪ್ಪ-ಅಮ್ಮನಿಗೆ ಊರಿನ ವಿಳಾಸದಲ್ಲೇ ಒಂದು, ನಿಮಗೆ ಬೆಂಗಳೂರಿಂದು ಇನ್ನೊಂದು. ಸುಳ್ಳೂ ಇಲ್ಲ. ಅವರನ್ನು ಬೆಂಗಳೂರಿಗೆ ಕರ್ಕೊಂಡು ಹೋಗೋ ಸಾಧ್ಯತೆ ಇದ್ರೆ, ಝೋನ್ ಕೋ-ಪೇ ಇಲ್ಲದ್ದನ್ನೇ ಆರಿಸಿ. ಬಿಪಿ-ಶುಗರ್ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಈಗ ಗರಿಷ್ಠ 36 ತಿಂಗಳು.

ಬಿಲ್ ಓದುವವ:
ಅಗ್ಗದ ಪಾಲಿಸಿಯಲ್ಲಿ ರೂಮ್ ಬಾಡಿಗೆ ಮಿತಿಯನ್ನೂ ನೋಡಿ. ವಿಮಾ ಮೊತ್ತದ 1% ಅಂದ್ರೆ 5 ಲಕ್ಷಕ್ಕೆ ದಿನಕ್ಕೆ 5,000. ನೀವು 8,000ದ ರೂಮ್ ತಗೊಂಡ್ರೆ ಬರೀ 3,000 ವ್ಯತ್ಯಾಸ ಕಟ್ಟಿ ಮುಗಿಯಲ್ಲ. ಸರ್ಜನ್, ಓಟಿ, ನರ್ಸಿಂಗ್ ಬಿಲ್ಲಿಗೂ 5/8 ಲೆಕ್ಕವೇ: 2 ಲಕ್ಷಕ್ಕೆ 1.25 ಲಕ್ಷ ಸಿಗುತ್ತೆ. ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ ಈ ಕಡಿತ ಹಾಕುವಂತಿಲ್ಲ, ಐಸಿಯು ಚಾರ್ಜಿಗೂ ಇಲ್ಲ. ಹಾಕಿದ್ರೆ ಲಿಖಿತವಾಗಿ ಕಾರಣ ಕೇಳಿ. ಎಷ್ಟೋ ಆಸ್ಪತ್ರೆಗಳಲ್ಲಿ ರೂಮ್ ದರ್ಜೆ ಏರಿದಂತೆ ಸರ್ಜನ್ ಫೀಸೂ ಏರುತ್ತೆ, ಕಂಪನಿ ಈ ಷರತ್ತು ತಂದಿದ್ದೇ ಅದಕ್ಕೆ. ಪೆಟ್ಟು ಮಾತ್ರ ಪೇಷಂಟ್‌ಗೆ.

ಮಂಡಿಪೇಟೆ ಹುಡುಗ:
ಸಣ್ಣ ಕ್ಲೇಮ್ ಮಾಡಿದ್ರೆ ಮುಂದಿನ ವರ್ಷ ನಮ್ಮದೊಂದೇ ಪ್ರೀಮಿಯಂ ಏರಿಸ್ತಾರಾ?

ಲೆಕ್ಕ ಪಕ್ಕಾ:
ವೈಯಕ್ತಿಕ ಪಾಲಿಸಿಯಲ್ಲಿ ನಿಮ್ಮೊಬ್ಬರ ಕ್ಲೇಮ್ ನೋಡಿ ಲೋಡಿಂಗ್ (ಹೆಚ್ಚುವರಿ ಪ್ರೀಮಿಯಂ) ಹಾಕೋ ಹಾಗಿಲ್ಲ. ಏರಿದ್ರೆ ಎಲ್ಲರಿಗೂ, ಇಲ್ಲಾ ವಯಸ್ಸಿನ ಸ್ಲ್ಯಾಬ್ ದಾಟಿದ್ದಕ್ಕೆ. ಬೋನಸ್, ಅಂದ್ರೆ ಕ್ಲೇಮ್ ಇಲ್ಲದ ವರ್ಷಕ್ಕೆ ಸೇರೋ ಹೆಚ್ಚುವರಿ ವಿಮಾ ಮೊತ್ತ, ಮಾತ್ರ ಇಳಿಯಬಹುದು. 6,000ದ ಬಿಲ್ಲಿಗೆ 50,000ದ ಬೋನಸ್ ಕಳ್ಕೊಳ್ಳೋದಾದ್ರೆ ಕೈಯಿಂದ ಕಟ್ಟೋದೇ ವಾಸಿ.